ನರರೋಗ ನಿದಾನದಲ್ಲಿ ಭಾಷಾಪರೀಕ್ಷೆ: ಪುಣೆಯ ಕನ್ನಡಿಗರನ್ನು ಕುರಿತ ಕೆಲವು ವಿಚಾರಗಳು

೧

ಭಾರತೀಯ ವೈದ್ಯಪರಂಪರೆಯಲ್ಲಿ ‘ನಿದಾನ’ ಎಂಬ ಪದಕ್ಕೆ ರೋಗದ ಮೂಲವನ್ನು ನಿಶ್ಚಯಿಸುವುದು ಎಂಬ ಅರ್ಥವಿದೆ. ಈ ವಿದ್ಯೆಯನ್ನು ದೇಶಭಾಷೆಗೆ ತರುವ ಪ್ರಯತ್ನ ಕನ್ನಡದಲ್ಲಿ ಬಹು ಹಿಂದೆಯೇ ನಡೆದಿದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇದಕ್ಕೆ ನಿದರ್ಶನಗಳು. ಅಲ್ಲಿ ಭಾಷೆ ವೈದ್ಯಜ್ಞಾನದ ವಾಹಕವಾಗಿತ್ತು. ಆಧುನಿಕ ನರವೈದ್ಯದಲ್ಲಿ ಭಾಷೆಗೆ ಬೇರೊಂದು ಸ್ಥಾನ ದೊರೆತಿದೆ. ಇಲ್ಲಿ ರೋಗಿಯ ಮಾತೇ ಪರೀಕ್ಷೆಯ ವಸ್ತು, ಮಾತೇ ಪರೀಕ್ಷೆಯ ಸಾಧನ. ೧೮೬೧ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಮಾತು ಕಳೆದುಕೊಂಡಿದ್ದ ರೋಗಿಯೊಬ್ಬನ ಮಿದುಳಿನ ಎಡಭಾಗದ ಮುಂಬದಿಯಲ್ಲಿ ಹಾನಿಯನ್ನು ಗುರುತಿಸಿದನು. ೧೮೭೪ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ, ನಿರರ್ಗಳವಾಗಿ ಮಾತನಾಡಿದರೂ ಅರ್ಥ ಗ್ರಹಿಸಲಾರದ ಇನ್ನೊಂದು ಬಗೆಯ ರೋಗಿಗಳನ್ನು ವಿವರಿಸಿದನು. ಅಂದಿನಿಂದ ಮಾತಿನ ಪರೀಕ್ಷೆ ನರರೋಗ ನಿದಾನದ ಒಂದು ಮುಖ್ಯ ಅಂಗವಾಗಿದೆ.

ಪರೀಕ್ಷೆ ನಡೆಯುವ ಭಾಷೆಯೂ ರೋಗಿಯ ಭಾಷೆಯೂ ಒಂದೇ ಆಗಿದ್ದಾಗ ಈ ಕಾರ್ಯ ಸುಗಮ. ಅವು ಬೇರೆಯಾದಾಗ ಉಂಟಾಗುವ ತೊಡಕುಗಳನ್ನು ತಿಳಿಯಲು ಪುಣೆಯಂತಹ ನಗರ ಒಳ್ಳೆಯ ಕ್ಷೇತ್ರ. ಸೊಲ್ಲಾಪುರ, ಅಕ್ಕಲಕೋಟೆ, ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಗಳಿಂದ ಉದ್ಯೋಗಕ್ಕೆಂದು ಬಂದ ಕನ್ನಡಿಗರು ಇಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ. ಕನ್ನಡ ಸಂಘವೂ ಕನ್ನಡ ಶಾಲೆಯೂ ಇಲ್ಲಿವೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಹಿಂದಿ ಅಥವಾ ಇಂಗ್ಲಿಷ್ ಎಂಬುದು ಇವರ ನಿತ್ಯದ ಭಾಷಾವ್ಯವಹಾರ. ಇಂತಹವರಿಗೆ ವಯಸ್ಸಾಗಿ ಮರೆವು ಬಂದಾಗ, ಪಾರ್ಶ್ವವಾಯು ಬಡಿದಾಗ, ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಬೇಕು, ಅದರ ಫಲವನ್ನು ಹೇಗೆ ಅರ್ಥೈಸಬೇಕು ಎಂಬ ಪ್ರಶ್ನೆಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ನರರೋಗಗಳ ನಿದಾನಕ್ಕೆ ಇಂದು ಅನೇಕ ಯಂತ್ರಪರೀಕ್ಷೆಗಳಿವೆ. ಸಿ.ಟಿ. ಸ್ಕ್ಯಾನ್ ಮಿದುಳಿನ ರಕ್ತಸ್ರಾವವನ್ನು ಕೆಲವೇ ನಿಮಿಷಗಳಲ್ಲಿ ತೋರಿಸುತ್ತದೆ. ಎಂ.ಆರ್.ಐ. ರಕ್ತಪೂರೈಕೆ ನಿಂತ ಭಾಗವನ್ನು ಬೇಗನೆ ಗುರುತಿಸುತ್ತದೆ, ಸೂಕ್ಷ್ಮ ರಚನೆಯನ್ನು ಕಾಣಿಸುತ್ತದೆ. ಇ.ಇ.ಜಿ. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುತ್ತದೆ. ನರವಹನ ಪರೀಕ್ಷೆ ಕೈಕಾಲುಗಳ ನರಗಳ ಸ್ಥಿತಿಯನ್ನು ಅಳೆಯುತ್ತದೆ. ಇವುಗಳಲ್ಲಿ ಯಾವುದೂ ತಾನಾಗಿಯೇ ರೋಗವನ್ನು ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಮೂರ್ಛೆರೋಗವಿರುವ ವ್ಯಕ್ತಿಯ ಇ.ಇ.ಜಿ. ಎರಡು ಮೂರ್ಛೆಗಳ ನಡುವಿನ ಅವಧಿಯಲ್ಲಿ ಸಹಜವಾಗಿಯೇ ಇರಬಹುದು. ಸಹಜ ದಾಖಲೆಯಿಂದ ರೋಗವಿಲ್ಲವೆಂದು ಹೇಳಲಾಗದು. ಇದಕ್ಕೆ ಪ್ರತಿಯಾಗಿ, ಎಪ್ಪತ್ತು ದಾಟಿದ ಆರೋಗ್ಯವಂತರ ಎಂ.ಆರ್.ಐ. ಚಿತ್ರದಲ್ಲಿಯೂ ಚಿಕ್ಕ ಬಿಳಿಯ ಚುಕ್ಕೆಗಳೂ ಅಲ್ಪಸ್ವಲ್ಪ ಕುಗ್ಗುವಿಕೆಯೂ ಕಾಣುವುದುಂಟು. ಚಿತ್ರದಲ್ಲಿ ಕಂಡದ್ದೆಲ್ಲ ರೋಗವಲ್ಲ.

ರಕ್ತಪರೀಕ್ಷೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಇದಕ್ಕೆ ಪುಣೆಯಲ್ಲಿಯೇ ಒಳ್ಳೆಯ ಉದಾಹರಣೆಯಿದೆ. ಬಿ-೧೨ ಜೀವಸತ್ವದ ಕೊರತೆಯಿಂದ ಮರೆವು, ಕಾಲು ಜೋಮು, ನಡಿಗೆಯ ಅಸ್ಥಿರತೆ ಬರಬಹುದು. ಆದ್ದರಿಂದ ಮರೆವಿನ ರೋಗಿಗೆ ಈ ಪರೀಕ್ಷೆ ಮಾಡಿಸುವುದು ಯುಕ್ತ. ಆದರೆ ಪುಣೆಯ ವೈದ್ಯವಿಜ್ಞಾನಿ ಚಿತ್ತರಂಜನ ಯಾಜ್ಞಿಕ ಮತ್ತು ಸಂಗಡಿಗರು ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುಣೆ ನಗರ ಮತ್ತು ಸುತ್ತಲಿನ ಹಳ್ಳಿಗಳ ೪೪೧ ಮಧ್ಯವಯಸ್ಕ ಪುರುಷರ ಪೈಕಿ ಶೇಕಡಾ ೬೭ರಷ್ಟು ಮಂದಿಯಲ್ಲಿ ಬಿ-೧೨ರ ಮಟ್ಟ ಕಡಿಮೆಯಿತ್ತು. ಅವರು ರೋಗಿಗಳಲ್ಲ. ಮೂರರಲ್ಲಿ ಇಬ್ಬರಿಗೆ ಕಡಿಮೆಯಿರುವ ಸಮುದಾಯದಲ್ಲಿ, ಮರೆವಿರುವ ಒಬ್ಬನ ರಕ್ತದಲ್ಲಿ ಅದು ಕಡಿಮೆಯಿರುವುದರಿಂದಲೇ ಮರೆವಿಗೆ ಅದೇ ಕಾರಣವೆಂದು ನಿಶ್ಚಯಿಸಲಾಗದು. ಚಿಕಿತ್ಸೆ ಸುಲಭವೂ ನಿರಪಾಯಕರವೂ ಆದುದರಿಂದ ಅದನ್ನು ಕೊಡಬೇಕು. ಆದರೆ ಬೇರೆ ಕಾರಣಗಳ ಶೋಧವನ್ನು ಅಲ್ಲಿಗೇ ನಿಲ್ಲಿಸಬಾರದು.

ಯಂತ್ರಪರೀಕ್ಷೆಗಳಿಗೆ ಇನ್ನೊಂದು ಮಿತಿಯಿದೆ. ಎಡ ಮಿದುಳಿನ ಒಂದು ಭಾಗ ಹಾನಿಗೊಂಡಿದೆಯೆಂದು ಚಿತ್ರ ತೋರಿಸಬಲ್ಲದು. ಆ ವ್ಯಕ್ತಿ ಮಗಳ ಹೆಸರನ್ನು ಕರೆಯಬಲ್ಲನೆ, ಪತ್ರಿಕೆಯನ್ನು ಓದಿ ತಿಳಿಯಬಲ್ಲನೆ ಎಂಬುದನ್ನು ಅದು ಹೇಳದು. ಅದನ್ನು ತಿಳಿಯಲು ಮಾತನಾಡಿಸಿಯೇ ನೋಡಬೇಕು.

೩

ಮರೆವಿನ ರೋಗಗಳ ಪ್ರಾಥಮಿಕ ಶೋಧನೆಗೆ ಬಹಳ ಪ್ರಚಾರದಲ್ಲಿರುವುದು ಮಾರ್ಷಲ್ ಫೋಲ್‌ಸ್ಟೀನ್ ಮತ್ತು ಸಂಗಡಿಗರು ೧೯೭೫ರಲ್ಲಿ ರೂಪಿಸಿದ ೩೦ ಅಂಕಗಳ ಕಿರುಪರೀಕ್ಷೆ. ಕಾಲದೇಶಗಳ ಅರಿವಿಗೆ ೧೦, ಮೂರು ಪದಗಳನ್ನು ಕೇಳಿ ಹೇಳುವುದಕ್ಕೆ ೩, ನೂರರಿಂದ ಏಳೇಳು ಕಳೆಯುತ್ತ ಹೋಗುವುದಕ್ಕೆ ೫, ಆ ಮೂರು ಪದಗಳನ್ನು ಬಳಿಕ ನೆನಪಿಸಿಕೊಳ್ಳುವುದಕ್ಕೆ ೩, ಉಳಿದ ೯ ಅಂಕಗಳು ವಸ್ತುಗಳ ಹೆಸರು, ಮರುನುಡಿ, ಆಜ್ಞಾಪಾಲನೆ, ಓದು, ಬರಹ, ಚಿತ್ರದ ನಕಲು ಇವುಗಳಿಗೆ. ೨೪ಕ್ಕಿಂತ ಕಡಿಮೆ ಬಂದರೆ ದೋಷವಿರಬಹುದೆಂದು ತಿಳಿಯುವುದು ರೂಢಿ.

ಇಲ್ಲಿ ಎರಡು ಕಲ್ಪಿತ ನಿದರ್ಶನಗಳನ್ನು ಎದುರಿಟ್ಟು ನೋಡಬಹುದು. ಮೊದಲನೆಯವರು ಅಕ್ಕಲಕೋಟೆ ಕಡೆಯ ಹಳ್ಳಿಯಿಂದ ಮಗನ ಮನೆಗೆಂದು ಪುಣೆಗೆ ಬಂದ, ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಮಾತ್ರ ಕಲಿತ, ಎಪ್ಪತ್ತೆರಡು ವರ್ಷದ ವೃದ್ಧೆ. ಪರೀಕ್ಷೆ ಮರಾಠಿಯಲ್ಲಿ ನಡೆಯಿತು. ತಾರೀಖು, ಋತು, ಕಟ್ಟಡದ ಮಹಡಿ ಇವು ಮೂರರಲ್ಲಿ ಒಂದೊಂದು ಅಂಕ ಹೋಯಿತು. ಕಳೆಯುವ ಲೆಕ್ಕದಲ್ಲಿ ನಾಲ್ಕು, ಮರುನುಡಿ, ಓದು, ಬರಹ, ಚಿತ್ರ ಇವುಗಳಲ್ಲಿ ಒಂದೊಂದು ಹೋದವು. ಒಟ್ಟು ೧೧ ಅಂಕ ಕಳೆದು ೧೯ ಉಳಿಯಿತು. ಎರಡನೆಯವರು ಇಂಗ್ಲಿಷ್ ಬಲ್ಲ ನಿವೃತ್ತ ಅಧ್ಯಾಪಕರು. ಅವರು ತಾರೀಖು, ವಾರ ಎರಡನ್ನು ತಪ್ಪಿದರು. ಐದು ನಿಮಿಷ ಮೊದಲು ಕೇಳಿದ ಮೂರು ಪದಗಳಲ್ಲಿ ಒಂದನ್ನೂ ನೆನಪಿಸಿಕೊಳ್ಳಲಿಲ್ಲ. ಒಟ್ಟು ೨೫ ಅಂಕ ಬಂತು.

ಬರಿಯ ಮೊತ್ತವನ್ನು ನೋಡಿದರೆ ವೃದ್ಧೆಗೆ ರೋಗವಿದೆ, ಅಧ್ಯಾಪಕರಿಗೆ ಇಲ್ಲ. ಅಂಕಗಳು ಹೋದ ಸ್ಥಳವನ್ನು ನೋಡಿದರೆ ಚಿತ್ರ ತಿರುಗುಮುರುಗಾಗುತ್ತದೆ. ವೃದ್ಧೆ ಮೂರು ಪದಗಳನ್ನೂ ನೆನಪಿಸಿಕೊಂಡಿದ್ದಾರೆ. ಅವರು ಕಳೆದುಕೊಂಡದ್ದೆಲ್ಲ ಶಾಲೆಯೂ ಭಾಷೆಯೂ ಕೊಡುವ ಅಂಕಗಳು. ದೇವನಾಗರಿಯಲ್ಲಿ ಬರೆದ ವಾಕ್ಯವನ್ನು ಓದಲಾರದ್ದು ಲಿಪಿ ತಿಳಿಯದ್ದರಿಂದ. ತಾರೀಖು ತಿಳಿಯದಿದ್ದರೂ ಶ್ರಾವಣ ಬಹುಳ ಪಂಚಮಿಯೆಂದು ಅವರು ಹೇಳಬಲ್ಲರು. ನೂರರಿಂದ ಏಳನ್ನು ಕಳೆಯಲಾರದವರು ಸಂತೆಯಲ್ಲಿ ಚಿಲ್ಲರೆಯ ಲೆಕ್ಕ ತಪ್ಪುವವರಲ್ಲ. ಅಧ್ಯಾಪಕರು ಕಳೆದುಕೊಂಡದ್ದಾದರೋ ಹೊಸತನ್ನು ಉಳಿಸಿಕೊಳ್ಳುವ ಶಕ್ತಿ. ಆಲ್ಜೈಮರ್ ರೋಗದಲ್ಲಿ ಸಾಮಾನ್ಯವಾಗಿ ಮೊದಲು ಕುಂದುವುದು ಅದೇ. ವಿದ್ಯೆಯ ಬಲದಿಂದ ಉಳಿದ ಅಂಕಗಳು ಅವರ ದೋಷವನ್ನು ಮರೆಮಾಡಿವೆ. ಹೆಚ್ಚಿನ ಪರೀಕ್ಷೆ ತುರ್ತಾಗಿ ಬೇಕಾದದ್ದು ಅವರಿಗೆ.

ಈ ತೊಡಕನ್ನು ಭಾರತೀಯ ಸಂಶೋಧಕರು ಬೇಗನೆ ಕಂಡುಕೊಂಡರು. ಹರಿಯಾಣದ ಬಲ್ಲಭಗಢದ ಗ್ರಾಮೀಣ ವೃದ್ಧರಿಗಾಗಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಈ ಪರೀಕ್ಷೆಯ ಹಿಂದಿ ರೂಪವನ್ನು ೧೯೯೫ರಲ್ಲಿ ಪ್ರಕಟಿಸಿದರು. ಅದು ಪದಶಃ ಅನುವಾದವಲ್ಲ. ಅಕ್ಷರಜ್ಞಾನ ಬೇಡುವ ಪ್ರಶ್ನೆಗಳ ಸ್ಥಾನದಲ್ಲಿ ಅನಕ್ಷರಸ್ಥರೂ ಉತ್ತರಿಸಬಲ್ಲ ಸಮಾನ ಕಾರ್ಯಗಳನ್ನು ಅಲ್ಲಿ ಇರಿಸಲಾಯಿತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಈ ಐದು ಭಾಷೆಗಳಿಗೆ ಸಮಾನವಾದ ಪರೀಕ್ಷಾ ಸಮುಚ್ಚಯವೊಂದು ಸಿದ್ಧವಾಗಿ, ಅದರ ಪ್ರಮಾಣೀಕರಣದ ಫಲಗಳು ೨೦೨೦ರ ಹೊತ್ತಿಗೆ ಪ್ರಕಟವಾದವು. ಮೊದಲ ಹಂತದ ಈ ಐದು ಭಾಷೆಗಳಲ್ಲಿ ಕನ್ನಡವಿದ್ದುದು ಸಂತೋಷದ ಸಂಗತಿ. ಆದರೆ ಕನ್ನಡ ಪರೀಕ್ಷೆಯಿದ್ದರೆ ಸಾಲದು, ಅದನ್ನು ಕನ್ನಡದಲ್ಲಿ ನಡೆಸಬಲ್ಲವರೂ ಬೇಕು. ಪುಣೆಯಲ್ಲಿ ಅಂತಹವರನ್ನು ಹುಡುಕಿಯೇ ಕರೆತರಬೇಕಾಗುತ್ತದೆ.

೪

ಪರೀಕ್ಷೆಯ ಫಲವನ್ನು ಅರ್ಥೈಸುವಲ್ಲಿ ಗಣಿತದ ಒಂದು ತತ್ತ್ವವನ್ನು ತಿಳಿಯುವುದು ಅವಶ್ಯ. ರೋಗವಿರುವವರನ್ನು ರೋಗವಿದೆಯೆಂದು ಹಿಡಿಯುವ ಶಕ್ತಿಗೆ ಪರೀಕ್ಷೆಯ ಸಂವೇದನೆಯೆಂದೂ, ರೋಗವಿಲ್ಲದವರನ್ನು ಇಲ್ಲವೆಂದು ಬಿಡುವ ಶಕ್ತಿಗೆ ನಿರ್ದಿಷ್ಟತೆಯೆಂದೂ ಹೆಸರು. ಒಂದು ಪರೀಕ್ಷೆಯ ಸಂವೇದನೆ ಶೇಕಡಾ ೯೦, ನಿರ್ದಿಷ್ಟತೆ ಶೇಕಡಾ ೮೦ ಎಂದಿಟ್ಟುಕೊಳ್ಳೋಣ. ಒಂದು ಬಡಾವಣೆಯ ಸಾವಿರ ವೃದ್ಧರಲ್ಲಿ ೫೦ ಮಂದಿಗೆ ನಿಜವಾಗಿ ರೋಗವಿದೆಯೆನ್ನೋಣ. ಪರೀಕ್ಷೆ ಆ ಐವತ್ತರಲ್ಲಿ ೪೫ ಮಂದಿಯನ್ನು ಹಿಡಿಯುತ್ತದೆ. ರೋಗವಿಲ್ಲದ ೯೫೦ ಮಂದಿಯಲ್ಲಿ ೧೯೦ ಮಂದಿಯನ್ನೂ ತಪ್ಪಾಗಿ ಹಿಡಿಯುತ್ತದೆ. ಒಟ್ಟು ಸಿಕ್ಕವರು ೨೩೫, ಅವರಲ್ಲಿ ನಿಜವಾದ ರೋಗಿಗಳು ೪೫. ಅಂದರೆ ಐದರಲ್ಲಿ ಒಬ್ಬರಿಗೂ ತುಸು ಕಡಿಮೆ. ಅದೇ ಪರೀಕ್ಷೆಯನ್ನು, ಬಂದವರಲ್ಲಿ ಅರ್ಧದಷ್ಟು ಮಂದಿಗೆ ರೋಗವಿರುವ ವಿಶೇಷ ಚಿಕಿತ್ಸಾಲಯದಲ್ಲಿ ಸಾವಿರ ಜನಕ್ಕೆ ಮಾಡಿದರೆ ೪೫೦ ನಿಜ, ೧೦೦ ಸುಳ್ಳು. ಸಿಕ್ಕವರಲ್ಲಿ ಶೇಕಡಾ ೮೦ಕ್ಕೂ ಮಿಕ್ಕಿ ನಿಜವಾದ ರೋಗಿಗಳು. ಪರೀಕ್ಷೆ ಒಂದೇ, ಅಂಕ ಒಂದೇ. ಅದರ ಅರ್ಥ ಮಾತ್ರ, ಯಾರನ್ನು ಎಲ್ಲಿ ಪರೀಕ್ಷಿಸಿದ್ದು ಎಂಬುದನ್ನು ಅವಲಂಬಿಸಿ ಬದಲಾಗುತ್ತದೆ.

ಭಾಷೆಯ ಪಾತ್ರ ಈ ಲೆಕ್ಕದಲ್ಲಿಯೇ ಅಡಗಿದೆ. ರೋಗಿಯದಲ್ಲದ ಭಾಷೆಯಲ್ಲಿ ಪರೀಕ್ಷಿಸಿದಾಗ ಆರೋಗ್ಯವಂತರೂ ತಪ್ಪು ಮಾಡುತ್ತಾರೆ, ನಿರ್ದಿಷ್ಟತೆ ಕುಸಿಯುತ್ತದೆ. ಅದು ೮೦ರಿಂದ ೬೦ಕ್ಕೆ ಇಳಿಯಿತೆನ್ನೋಣ. ಆಗ ಮೇಲಿನ ಬಡಾವಣೆಯಲ್ಲಿ ತಪ್ಪಾಗಿ ಸಿಕ್ಕವರು ೧೯೦ರ ಬದಲು ೩೮೦ ಆಗುತ್ತಾರೆ. ಸಿಕ್ಕ ೪೨೫ ಮಂದಿಯಲ್ಲಿ ನಿಜವಾದ ರೋಗಿಗಳು ಹತ್ತರಲ್ಲಿ ಒಬ್ಬರಷ್ಟೆ. ಉಳಿದ ಒಂಬತ್ತು ಮಂದಿ ಅನಾವಶ್ಯಕವಾದ ಭಯ, ವೆಚ್ಚ, ಔಷಧಗಳಿಗೆ ಗುರಿಯಾಗುತ್ತಾರೆ. ವೃದ್ಧರಿಗೆ ‘ಬುದ್ಧಿ ಕೆಟ್ಟಿದೆ’ ಎಂಬ ಮಾತು ಒಮ್ಮೆ ಅಂಟಿಕೊಂಡರೆ ಮನೆಯ ವ್ಯವಹಾರ, ಆಸ್ತಿಯ ನಿರ್ಧಾರ, ಹಣಕಾಸು ಎಲ್ಲದರಿಂದ ಅವರನ್ನು ದೂರವಿಡುವುದು ಕಷ್ಟವಲ್ಲ. ಆದುದರಿಂದ ಇದು ಕೇವಲ ಅಂಕಗಣಿತದ ಪ್ರಶ್ನೆಯಲ್ಲ.

೫

ಪಾರ್ಶ್ವವಾಯುವಿನ ಸಂದರ್ಭದಲ್ಲಿ ತೊಡಕಿನ ಸ್ವರೂಪ ಬೇರೆ. ವೆರ್ನಿಕೆ ವಿವರಿಸಿದ ಬಗೆಯ ಅಫೇಸಿಯಾದಲ್ಲಿ ಮಾತಿನ ಓಟ, ಏರಿಳಿತ, ಉಚ್ಚಾರಣೆ ಎಲ್ಲವೂ ಸರಿಯಾಗಿರುತ್ತವೆ, ಅರ್ಥ ಮಾತ್ರ ಇರುವುದಿಲ್ಲ. ಶಬ್ದಗಳು ಅದಲುಬದಲಾಗುತ್ತವೆ, ಇಲ್ಲದ ಶಬ್ದಗಳು ಹುಟ್ಟುತ್ತವೆ. ಕೈಕಾಲುಗಳಲ್ಲಿ ದುರ್ಬಲತೆ ಇಲ್ಲದಿರಬಹುದು. ಇಂತಹ ಕನ್ನಡ ರೋಗಿಯನ್ನು ಕನ್ನಡವರಿಯದ ವೈದ್ಯರ ಮುಂದೆ ಕೂರಿಸಿದರೆ ಏನಾದೀತು? ಅವರ ಕಿವಿಗೆ ಅದು ನಿರರ್ಗಳವಾದ ಕನ್ನಡ. ಪ್ರಶ್ನೆಗೆ ಉತ್ತರ ಬಾರದಿದ್ದರೆ ಭಾಷೆ ತಿಳಿಯದು ಎಂಬ ಸಮಾಧಾನ ಸಿದ್ಧವಾಗಿಯೇ ಇದೆ. ರಕ್ತನಾಳದ ಹೆಪ್ಪನ್ನು ಕರಗಿಸುವ ಔಷಧ ಕೊಡಲು ಸಾಮಾನ್ಯವಾಗಿ ಇರುವ ಅವಧಿ ರೋಗ ತೊಡಗಿದಂದಿನಿಂದ ನಾಲ್ಕೂವರೆ ಗಂಟೆ. ನಿದಾನದ ಈ ಘಟ್ಟದಲ್ಲಿ ನಿಧಾನ ಸಲ್ಲದು. ಜೊತೆಗೆ ಬಂದ ಬಂಧುವನ್ನು ‘ಇವರು ಆಡುತ್ತಿರುವುದು ಅರ್ಥವಾಗುವ ಕನ್ನಡವೇ?’ ಎಂದು ಕೇಳುವ ಒಂದು ಪ್ರಶ್ನೆ ಇಲ್ಲಿ ಸ್ಕ್ಯಾನಿಗೆ ದಾರಿ ತೋರಿಸುವ ಪರೀಕ್ಷೆಯಾಗುತ್ತದೆ.

ರೋಗಿ ಚೇತರಿಸಿಕೊಂಡ ಮೇಲೆ ವಿಸ್ತಾರವಾದ ಭಾಷಾಪರೀಕ್ಷೆ ನಡೆಯಬೇಕು. ಈ ಕ್ಷೇತ್ರದಲ್ಲಿ ಕನ್ನಡ ಬಡವಾಗಿಲ್ಲ. ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪರಂಪರೆ ಇದಕ್ಕೆ ಮುಖ್ಯ ಕಾರಣ. ಪ್ರತಿಭಾ ಕಾರಂತರು ೧೯೮೦ರಲ್ಲಿ ರೂಪಿಸಿದ ಭಾಷಿಕ ಪರೀಕ್ಷೆ ಧ್ವನಿ, ವಾಕ್ಯರಚನೆ, ಅರ್ಥ ಈ ಮೂರು ನೆಲೆಗಳಲ್ಲಿ ಕನ್ನಡಿಗರ ಭಾಷಾಶಕ್ತಿಯನ್ನು ಅಳೆಯುತ್ತದೆ. ಆಂಡ್ರ್ಯೂ ಕೆರ್ಟೆಸ್ ಅವರ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪದ ಪ್ರಮಾಣಗಳನ್ನು ಶ್ಯಾಮಲಾ ಚೆಂಗಪ್ಪ ಮತ್ತು ರವಿಕುಮಾರ್ ೨೦೦೮ರಲ್ಲಿ ಪ್ರಕಟಿಸಿದರು. ಮಿಶೆಲ್ ಪ್ಯಾರಡಿಯವರ ದ್ವಿಭಾಷಾ ಅಫೇಸಿಯಾ ಪರೀಕ್ಷೆಗೂ ಕನ್ನಡ ರೂಪವಿದೆ. ಪುಣೆಯ ಕನ್ನಡಿಗರಿಗೆ ಈ ಕೊನೆಯದರ ಕ್ರಮ ವಿಶೇಷವಾಗಿ ಅನ್ವಯಿಸುತ್ತದೆ. ರೋಗಿ ಯಾವ ಭಾಷೆಯನ್ನು ಯಾವಾಗ, ಎಲ್ಲಿ, ಯಾರೊಡನೆ ಬಳಸುತ್ತಿದ್ದನೆಂಬ ವಿಚಾರಣೆ ಅದರ ಮೊದಲ ಭಾಗ. ಪ್ರತಿಯೊಂದು ಭಾಷೆಯಲ್ಲಿ ಪ್ರತ್ಯೇಕ ಪರೀಕ್ಷೆ ಎರಡನೆಯದು. ಭಾಷೆಗಳ ನಡುವಣ ಅನುವಾದ ಮೊದಲಾದ ಸಂಬಂಧಗಳ ಪರೀಕ್ಷೆ ಮೂರನೆಯದು.

ಎರಡು ಭಾಷೆಗಳೂ ಸಮನಾಗಿ ಮರಳುತ್ತವೆಯೆಂಬ ನಿಯಮವಿಲ್ಲ. ಮೊದಲು ಕಲಿತದ್ದು ಉಳಿಯುತ್ತದೆಯೆಂಬ ರೀಬೋನ ಮತವೂ, ರೋಗಕ್ಕೆ ಮುನ್ನ ಹೆಚ್ಚು ಬಳಕೆಯಲ್ಲಿದ್ದದ್ದು ಮೊದಲು ಮರಳುತ್ತದೆಯೆಂದು ೧೮೯೫ರಲ್ಲಿ ಪಿತ್ರ್ ಮಂಡಿಸಿದ ಮತವೂ ಪ್ರಸಿದ್ಧ. ಎರಡಕ್ಕೂ ಅಪವಾದಗಳಿವೆ. ಆದುದರಿಂದ ಮರಾಠಿಯಲ್ಲಿ ಮಾತ್ರ ಪರೀಕ್ಷಿಸಿ ಮಾತು ಹೋಗಿದೆಯೆಂದು ತೀರ್ಮಾನಿಸುವುದು ಎಷ್ಟು ತಪ್ಪೋ, ಕನ್ನಡದಲ್ಲಿ ಮಾತ್ರ ಪರೀಕ್ಷಿಸಿ ಎಲ್ಲ ಸರಿಯಿದೆಯೆನ್ನುವುದೂ ಅಷ್ಟೇ ತಪ್ಪು. ಕನ್ನಡವಷ್ಟೇ ಉಳಿದ ಅಜ್ಜನೊಡನೆ ಮರಾಠಿಯಷ್ಟೇ ಬಲ್ಲ ಮೊಮ್ಮಕ್ಕಳು ಹೇಗೆ ಮಾತನಾಡಬೇಕೆಂಬುದು ಚಿಕಿತ್ಸೆಯ ಪ್ರಶ್ನೆಯೂ ಹೌದು.

೬

ಪರೀಕ್ಷೆ ಕನ್ನಡದಲ್ಲಿಯೇ ನಡೆದರೂ ಯಾವ ಕನ್ನಡ ಎಂಬ ಪ್ರಶ್ನೆ ಉಳಿಯುತ್ತದೆ. ಚಿತ್ರ ತೋರಿಸಿ ಹೆಸರು ಕೇಳುವ ಪರೀಕ್ಷೆಯಲ್ಲಿ ‘ಈರುಳ್ಳಿ’, ‘ಮೊಟ್ಟೆ’, ‘ಪೊರಕೆ’ ಎಂಬ ಉತ್ತರಗಳನ್ನು ನಿರೀಕ್ಷಿಸಿದರೆ ಉತ್ತರ ಕರ್ನಾಟಕದವರು ‘ಉಳ್ಳಾಗಡ್ಡಿ’, ‘ತತ್ತಿ’, ‘ಕಸಬರಿಗೆ’ ಎನ್ನುತ್ತಾರೆ. ಪುಣೆಯಲ್ಲಿ ಬಹುಕಾಲ ನೆಲೆಸಿದವರು ‘ಕಾಂದಾ’ ಎಂದರೂ ಆಶ್ಚರ್ಯವಿಲ್ಲ. ಇವು ಪದಸ್ಮೃತಿಯ ದೋಷಗಳಲ್ಲ. ಹಳೆಯ ಮೈಸೂರಿನ ಕೆಲವು ಸಾಮಾಜಿಕ ಉಪಭಾಷೆಗಳಲ್ಲಿ ‘ಹಾಲು’ ‘ಆಲು’ ಆಗುತ್ತದೆ. ಅದನ್ನು ಧ್ವನಿಲೋಪವೆಂದು ಬರೆದುಕೊಂಡರೆ ಉಪಭಾಷೆಯೇ ರೋಗವೆನಿಸಿಕೊಳ್ಳುತ್ತದೆ. ‘ಮನೇಲಿ’ ಎನ್ನುವವರು ಸಪ್ತಮಿಯ ಪ್ರತ್ಯಯವನ್ನು ಕಳೆದುಕೊಂಡವರಲ್ಲ. ಮರುನುಡಿಯ ವಾಕ್ಯ ಗ್ರಾಂಥಿಕವಾಗಿದ್ದರೆ ಓದುಬರಹ ಬಾರದವರು ಅದನ್ನು ತಮ್ಮ ಆಡುನುಡಿಗೆ ತಿರುಗಿಸಿಯೇ ಹೇಳುತ್ತಾರೆ. ಅರ್ಥ ತಿಳಿದು ತಿರುಗಿಸಿದ್ದೇ ಅವರ ಭಾಷಾಶಕ್ತಿಗೆ ಸಾಕ್ಷಿ.

ಲಿಪಿಯ ಭೇದವೂ ಗಮನಾರ್ಹ. ಇಂಗ್ಲಿಷಿನಲ್ಲಿ ಬರಹಕ್ಕೂ ಉಚ್ಚಾರಣೆಗೂ ಹೊಂದದ ಪದಗಳನ್ನು ಓದಿಸಿ ಒಂದು ಬಗೆಯ ಓದುದೋಷವನ್ನು ಗುರುತಿಸುವುದುಂಟು. ಕನ್ನಡದಲ್ಲಿ ಬರೆದಂತೆ ಓದುವುದೇ ಹೆಚ್ಚಾದುದರಿಂದ ಆ ಪರೀಕ್ಷೆ ಇಲ್ಲಿ ಸಾಗದು. ಅಕ್ಷರಗಳನ್ನು ಸರಿಯಾಗಿ ಉಚ್ಚರಿಸಿಯೂ ಅರ್ಥ ತಿಳಿಯದಿರುವ ರೋಗಿ ಕನ್ನಡದಲ್ಲಿ ಚೆನ್ನಾಗಿ ಓದುವವನಂತೆ ಕಾಣಬಹುದು. ಆದುದರಿಂದ ಗಟ್ಟಿಯಾಗಿ ಓದಿಸುವುದರ ಜೊತೆಗೆ ಅರ್ಥಗ್ರಹಣವನ್ನೂ ಪರೀಕ್ಷಿಸಬೇಕು. ಒತ್ತಕ್ಷರಗಳು, ಉಚ್ಚಾರಣೆಯಲ್ಲಿ ಮೊದಲು ಬಂದರೂ ಬರಹದಲ್ಲಿ ಬಳಿಕ ಬರುವ ಅರ್ಕಾವೊತ್ತು ಇವು ಕನ್ನಡಕ್ಕೆ ವಿಶಿಷ್ಟವಾದ ಪರೀಕ್ಷಾಸ್ಥಳಗಳು. ಓದುದೋಷಗಳ ಅಧ್ಯಯನದಲ್ಲಿ ಲಿಪಿಭೇದದ ಮಹತ್ವವನ್ನು ಪ್ರತಿಭಾ ಕಾರಂತರ ೨೦೦೩ರ ಗ್ರಂಥ ವಿಸ್ತಾರವಾಗಿ ಚರ್ಚಿಸಿದೆ. ಹಾಗೆಯೇ, ಒಂದು ನಿಮಿಷದಲ್ಲಿ ಒಂದು ಅಕ್ಷರದಿಂದ ತೊಡಗುವ ಪದಗಳನ್ನು ಹೇಳಿಸುವ ಪರೀಕ್ಷೆಯಲ್ಲಿ ‘ಕ’ ಎಂದರೆ ‘ಕಾ, ಕಿ, ಕು’ ಸೇರುತ್ತವೆಯೇ ಎಂಬುದನ್ನು ಮೊದಲೇ ಗೊತ್ತುಪಡಿಸಿ ತಿಳಿಸಬೇಕು. ಅನಕ್ಷರಸ್ಥರಿಗೆ ಅಕ್ಷರದ ಬದಲು ಪ್ರಾಣಿಗಳ ಹೆಸರನ್ನು ಕೇಳುವುದು ಸೂಕ್ತ.

ಬಹುಭಾಷಿಕತೆ ಇಲ್ಲಿ ತೊಡಕು ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ೬೪೮ ಮರೆವಿನ ರೋಗಿಗಳನ್ನು ಕುರಿತು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲ ೩೯೧ ಮಂದಿಗೆ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲಿಯೂ ಈ ವ್ಯತ್ಯಾಸವಿತ್ತು. ಬಹುಭಾಷಿಕರಿಗೆ ರೋಗ ಬಾರದೆಂದು ಇದರ ಅರ್ಥವಲ್ಲ.

೭

ಮೇಲಿನ ವಿವೇಚನೆಯಿಂದ ಪರೀಕ್ಷೆಯ ಆಯ್ಕೆಗೆ ಕೆಲವು ಸೂತ್ರಗಳನ್ನು ಹೇಳಬಹುದು. ಮೊದಲು ಉತ್ತರಿಸಬೇಕಾದ ಪ್ರಶ್ನೆ ಯಾವುದೆಂದು ನಿಶ್ಚಯಿಸಬೇಕು. ಹಠಾತ್ತಾಗಿ ಬಂದದ್ದಕ್ಕೆ ತಕ್ಷಣ ಸ್ಕ್ಯಾನ್ ಬೇಕು. ಮೆಲ್ಲನೆ ಬಂದದ್ದಕ್ಕೆ ಬಂಧುಗಳ ವಿಚಾರಣೆ, ಕಿವಿ ಕಣ್ಣುಗಳ ಪರೀಕ್ಷೆ, ಥೈರಾಯ್ಡ್ ಮತ್ತು ಬಿ-೧೨ರ ರಕ್ತಪರೀಕ್ಷೆ, ಮನೋಖಿನ್ನತೆಯ ಶೋಧನೆ ಮೊದಲಾಗಬೇಕು. ಫಲ ಏನು ಬಂದರೂ ಚಿಕಿತ್ಸೆ ಬದಲಾಗದಿದ್ದರೆ ಆ ಪರೀಕ್ಷೆಯ ಅಗತ್ಯವನ್ನು ಮತ್ತೊಮ್ಮೆ ಯೋಚಿಸಬೇಕು. ರೋಗಿಯ ಭಾಷೆಗಳನ್ನೂ, ಓದು ಬರಹಗಳನ್ನೂ, ಪರೀಕ್ಷೆ ನಡೆದ ಭಾಷೆಯನ್ನೂ ಅಂಕದ ಪಕ್ಕದಲ್ಲಿ ಬರೆದಿಡಬೇಕು. ಮೊತ್ತಕ್ಕಿಂತ ಅಂಕ ಹೋದ ಸ್ಥಳವನ್ನು ನೋಡಬೇಕು. ಒಂದು ದಿನದ ಅಂಕಕ್ಕಿಂತ ಆರು ತಿಂಗಳ ಬಳಿಕ ಅದೇ ಭಾಷೆಯಲ್ಲಿ ನಡೆದ ಎರಡನೆಯ ಪರೀಕ್ಷೆಯೊಡನೆ ಹೋಲಿಕೆ ಹೆಚ್ಚು ವಿಶ್ವಾಸಾರ್ಹ. ಮೇಲೆ ಹೇಳಿದ ಅಕ್ಕಲಕೋಟೆಯ ವೃದ್ಧೆಗೆ ಮೊದಲು ಬೇಕಾದದ್ದು ಔಷಧವಲ್ಲ, ಕನ್ನಡದಲ್ಲಿ ಮತ್ತೊಂದು ಪರೀಕ್ಷೆ. ಅನುವಾದ ಮಾಡುವ ಬಂಧು ಪ್ರೀತಿಯಿಂದ ಉತ್ತರವನ್ನು ತಿದ್ದಿ ಹೇಳುವ ಸಂಭವವಿರುವುದರಿಂದ, ಸಾಧ್ಯವಾದಲ್ಲಿ ಹೊರಗಿನ ಕನ್ನಡಿಗರೊಬ್ಬರ ನೆರವು ಪಡೆಯುವುದು ಒಳ್ಳೆಯದು.

ಈ ಕಾರ್ಯದಲ್ಲಿ ಕನ್ನಡ ವಿಭಾಗಗಳಿಗೆ ಪಾತ್ರವಿಲ್ಲವೆನ್ನಲಾಗದು. ಪುಣೆಯ ಡೆಕ್ಕನ್ ಕಾಲೇಜು ಜಿ. ಎಸ್. ಗಾಯಿಯವರ ಹಳಗನ್ನಡದ ಐತಿಹಾಸಿಕ ವ್ಯಾಕರಣವನ್ನು ೧೯೪೬ರಲ್ಲಿಯೂ, ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವರ್ಣನೆಯನ್ನು ೧೯೫೮ರಲ್ಲಿಯೂ ಪ್ರಕಟಿಸಿತು. ಶಾಸನಭಾಷೆಯನ್ನೂ ಆಡುಭಾಷೆಯನ್ನೂ ಶಾಸ್ತ್ರೀಯವಾಗಿ ವಿವರಿಸಿದ ಎರಡು ಗ್ರಂಥಗಳು ಕನ್ನಡನಾಡಿನ ಹೊರಗಿನ ಈ ಊರಿನಿಂದ ಬಂದವು. ಉಪಭಾಷೆಗಳ ಪದಕೋಶ, ಆಡುಮಾತಿನಲ್ಲಿ ಪದಗಳ ಬಳಕೆಯ ಪ್ರಮಾಣ, ಹೊರನಾಡ ಕನ್ನಡಿಗರ ಮಿಶ್ರಭಾಷೆಯ ದಾಖಲೆ ಇವೆಲ್ಲ ಭಾಷಾವಿಜ್ಞಾನದ ವಿದ್ಯಾರ್ಥಿಗಳು ಮಾಡಬಲ್ಲ ಕೆಲಸಗಳು. ಪರೀಕ್ಷೆಯ ಪದಪಟ್ಟಿಯಲ್ಲಿ ‘ತತ್ತಿ’ಗೂ ‘ಉಳ್ಳಾಗಡ್ಡಿ’ಗೂ ಸ್ಥಾನ ದೊರಕಿಸಬೇಕಾದವರು ಅವರೇ. ರೋಗಿಯ ತಪ್ಪು ಯಾವುದು, ಭಾಷೆಯ ರೂಪಭೇದ ಯಾವುದು ಎಂಬುದನ್ನು ವೈದ್ಯರಿಗೆ ತಿಳಿಸಿಕೊಡುವ ಹೊಣೆ ಭಾಷೆಯನ್ನು ಬಲ್ಲವರದು.